ಜೈತೂನ್‌ಬಿ ಹೇಳಿ ಮಾಡಿಸಿದ ಅಪ್ಪೆಹುಳಿ

ಹಲ್ಲಿ ಲೊಚಗುಟ್ಟಿದರೆ ‘ಕೃಷ್ಣ ಕೃಷ್ಣ’ ಎಂದು ಬೆರಳಿನಿಂದ ನೆಲ ಕುಟ್ಟುವ, ಅಂಗಳದಲ್ಲಿ ಕಾಗೆ ಕೂಗಿದರೆ ನೆಂಟರು ಬರುತ್ತಾರೆಂದು ಒಂದು ಮುಷ್ಟಿ ಅಕ್ಕಿ ಹೆಚ್ಚು ಹಾಕುವ ಮನೆಯಲ್ಲಿ ಹುಟ್ಟಿದವಳು ನಾನು. ಸಿದ್ದಾಪುರ ತಾಲ್ಲೂಕಿನ ನಿಲ್ಕುಂದದ ಹತ್ತಿರ ನಮ್ಮ ಮನೆ. ಅಷ್ಟೆಲ್ಲ ನೋಡಿ ಬೆಳೆದದ್ದಕ್ಕೋ ಏನೋ, ಶಕುನ, ಸೂಚನೆ, ಅಂತಃಪ್ರೇರಣೆ ಇವುಗಳ ಮೇಲೆ ನನಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಯಾರಾದರೂ ‘ನನಗೆ ಮೊದಲೇ ಅನ್ನಿಸಿತ್ತು’ ಎಂದು ಶುರು ಮಾಡಿದರೆ ನನ್ನ ಹುಬ್ಬು ತಾನಾಗಿಯೇ ಮೇಲೇರುತ್ತಿತ್ತು. ಈಗಲೂ ಏರುತ್ತದೆ, ಆದರೆ ಮೊದಲಿನಷ್ಟು ಧೈರ್ಯವಾಗಿ ಅಲ್ಲ.

ನಾನು ಮಾಡುವ ಕೆಲಸವೇನೆಂದು ನಮ್ಮ ಕಡೆಯವರಿಗೆ ತಿಳಿಸಿ ಹೇಳುವುದು ನನ್ನಿಂದ ಕೊನೆಗೂ ಆಗಲಿಲ್ಲ. ಮಾನಸಿಕ ಆರೋಗ್ಯದ ಸಮಾಜಕಾರ್ಯ ಎಂದರೆ ಯಾರಿಗೆ ಏನು ಗೊತ್ತಾಗಬೇಕು? ಒಂದು ಮದುವೆಯಲ್ಲಿ ದೊಡ್ಡಮ್ಮ ಕೈ ಹಿಡಿದು ಕೂರಿಸಿಕೊಂಡು ವಿಚಾರಣೆ ಮಾಡಿದಳು. “ಮಾತ್ರೆ ಕೊಡದು ನೀನೇಯ?” “ಅಲ್ಲ ದೊಡ್ಡಮ್ಮ.” “ಇಂಜೆಕ್ಷನ್ನು?” “ಅದೂ ಇಲ್ಲೆ.” “ಮತ್ತೆಂತ ಕೆಲಸವೇ ನಿಂದು?” “ಮಾತಾಡದು. ಕಾಯಿಲೆ ಆದವರ ಹತ್ರ, ಅವರ ಮನೆಯವರ ಹತ್ರ.” ಆಕೆ “ಮಾತಾಡಿದ್ದಕ್ಕೂ ಸಂಬಳ ಕೊಡ್ತ ಹೇಳಾದ್ರೆ ಆನೂ ಬತ್ತೆ ತಗ” ಎಂದಳು. ಸುತ್ತ ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ನಿಜ ಹೇಳಬೇಕೆಂದರೆ ಆಕೆ ಬಂದಿದ್ದರೆ ನನಗಿಂತ ಚೆನ್ನಾಗಿಯೇ ಮಾಡುತ್ತಿದ್ದಳು.

ಬಯಲುಸೀಮೆಯ ಒಂದು ಊರಿನಲ್ಲಿ, ಆಸ್ಪತ್ರೆಗೆ ಸೇರಿದ ಕಾಲೇಜಿನಲ್ಲಿ ಪಾಠ ಹೇಳುವುದು ಅರ್ಧ ದಿನ, ವಾರ್ಡಿನಲ್ಲಿ ರೋಗಿಗಳ ಜೊತೆ ಇರುವುದು ಉಳಿದರ್ಧ. ಹೀಗೇ ನನ್ನ ಆಯುಷ್ಯದ ಬಹುಪಾಲು ಕಳೆದಿದೆ. ಪಾಠದಲ್ಲಿ ನನಗೆ ತುಂಬ ಇಷ್ಟವಾದ ಒಂದು ತರಗತಿಯಿತ್ತು. ಮನೆಬಿಟ್ಟು ಹೋದ ಮಗನಿಗಾಗಿ ದಿನಾ ತಟ್ಟೆ ಇಡುವ ತಾಯಂದಿರ ವಿಷಯ. ಒಬ್ಬಳು ದಿನಾ ತಟ್ಟೆ ಇಡುತ್ತಾಳೆ, ಒಂದು ದಿನ ಮಗ ಬಂದೇ ಬರುತ್ತಾನೆ. ಆಗ ಊರವರು ‘ಆಕೆಗೆ ಗೊತ್ತಾಗಿತ್ತು’ ಎನ್ನುತ್ತಾರೆ. ಬಾರದ ದಿನಗಳ ತಟ್ಟೆಯನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ವಿದ್ಯಾರ್ಥಿಗಳು ತಲೆದೂಗುತ್ತಿದ್ದರು. ನಾನು ಜಂಬದಿಂದ ಸೀಮೆಸುಣ್ಣದ ಕೈ ಒರೆಸಿಕೊಂಡು ಹೊರಗೆ ಬರುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ನಮ್ಮ ವಾರ್ಡಿನಲ್ಲಿ ರಾಜು ಎಂಬುವನಿದ್ದ. ರಾಜು ಎಂಬುದು ವಾರ್ಡಿನವರು ಇಟ್ಟ ಹೆಸರು. ದೂರದ ಯಾವುದೋ ರೈಲು ನಿಲ್ದಾಣದಲ್ಲಿ ಸಿಕ್ಕವನನ್ನು ಪೊಲೀಸರು ತಂದು ಸೇರಿಸಿದ್ದರು. ಔಷಧಿಯಿಂದ ನಿಧಾನಕ್ಕೆ ಗುಣವಾದ. ಮಾತೂ ಬಂತು. ಆದರೆ ಹೆಸರು ಕೇಳಿದರೆ ರಾಜು ಎನ್ನುವನು, ಮನೆ ಕೇಳಿದರೆ ಗೋಡೆ ನೋಡುವನು. ಇಂಥವರ ಮನೆ ಹುಡುಕುವುದು, ಮನೆಯವರನ್ನು ಒಪ್ಪಿಸುವುದು ನಮ್ಮ ಕೆಲಸದಲ್ಲೆಲ್ಲ ಕಷ್ಟದ್ದು. ಬಾಗಿಲಲ್ಲೇ ನಿಲ್ಲಿಸಿ ‘ಅವನು ಸತ್ತ ಅಂತ ತಿಳ್ಕೊಂಡಿದ್ದೀವಿ, ಹಾಗೇ ಇರಲಿ ಬಿಡಿ’ ಎಂದವರನ್ನು ನಾನು ಕಂಡಿದ್ದೇನೆ.

ಒಂದು ದಿನ ರಾಜು ತಾನಾಗಿಯೇ ಹೇಳಿದ. ಕಾಯಿಲೆ ಹೆಚ್ಚಾಗಿದ್ದಾಗ ಅಣ್ಣ ಅನ್ನದಲ್ಲಿ ವಿಷ ಹಾಕುತ್ತಾನೆಂದು ಅವನಿಗೆ ಅನ್ನಿಸುತ್ತಿತ್ತಂತೆ. ಅಣ್ಣನ ಜೊತೆ ಅಮ್ಮನೂ ಸೇರಿದ್ದಾಳೆಂದು ನಂಬಿ, ಬಡಿಸಿದ ತಟ್ಟೆಯನ್ನು ಆಕೆಯ ಮುಂದೆಯೇ ಎಸೆದು ಮನೆ ಬಿಟ್ಟಿದ್ದ. “ಈಗ ಅದು ಸುಳ್ಳು ಅಂತ ಗೊತ್ತು ಮೇಡಂ. ಆದ್ರೆ ಅಮ್ಮಿ ಎದುರು ಕೂತು ಊಟ ಮಾಡಕ್ಕೆ ನನಗೆ ಆಗಲ್ಲ” ಎಂದ. ಮನೆಗೆ ಹೋದರೂ ಅವನು ಅಲ್ಲಿ ಉಂಡರೆ ಮಾತ್ರ ಉಳಿಯುತ್ತಾನೆ, ಉಣ್ಣದಿದ್ದರೆ ಮತ್ತೆ ಬೀದಿಗೇ ಬೀಳುತ್ತಾನೆ ಎಂಬುದು ನನಗೆ ಅಂದೇ ಸ್ಪಷ್ಟವಾಯಿತು. ಬಹಳ ಒತ್ತಾಯಿಸಿದ ಮೇಲೆ ಊರು ಯಲ್ಲಾಪುರ ಎಂದಷ್ಟೇ ಹೇಳಿದ.

ನಾವು ಇಂಥವರನ್ನು ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸುತ್ತೇವೆ. ದಾರಿ ಕೇಳುವುದಿಲ್ಲ. ನೆನಪಿದ್ದವನ ಕೈ ತಿರುವಿನಲ್ಲಿ ತಾನಾಗಿ ಎದ್ದು ಎಡಕ್ಕೋ ಬಲಕ್ಕೋ ತೋರಿಸುತ್ತದೆ. ರಾಜುವಿನ ಕೈ ನಮ್ಮನ್ನು ಯಲ್ಲಾಪುರದಲ್ಲಿ ಲಾರಿಗಳು ನಿಲ್ಲುವ ಜಾಗಕ್ಕೆ ಕರೆದೊಯ್ದು ಅಲ್ಲಿಗೆ ನಿಂತುಬಿಟ್ಟಿತು. ಸುತ್ತಲಿನ ಓಣಿಗಳಲ್ಲೆಲ್ಲ ಬೆಳಗಿನಿಂದ ವಿಚಾರಿಸಿದೆವು. ಯಾರಿಗೂ ಅವನ ಗುರುತಿಲ್ಲ. ನಮ್ಮ ಡ್ರೈವರ್ ಬಸಪ್ಪನಿಗೆ ಹಸಿವು, ನನಗೆ ಬೇಸರ. ವಾಪಸು ಹೊರಡೋಣವೆಂದು ಚಹಾದಂಗಡಿಯ ಮುಂದೆ ನಿಂತಾಗ ಮಧ್ಯಾಹ್ನವಾಗಿತ್ತು. ಆಗ ಲೋಡು ಇಳಿಸಿ ಬಂದ ಅಶ್ಫಾಕ್ ಎಂಬ ಲಾರಿ ಚಾಲಕ ರಾಜುವನ್ನು ನೋಡಿ, ಕೈಯಲ್ಲಿದ್ದ ಟವೆಲ್ ಕೆಳಗೆ ಹಾಕಿ, “ಇಮ್ತಿಯಾಜಾ, ಎಲ್ಲಿ ಹೋಗಿದ್ಯೋ ಮಾರಾಯಾ” ಎಂದು ತಬ್ಬಿಕೊಂಡ.

ರಾಜುವಿನ ನಿಜವಾದ ಹೆಸರು ಇಮ್ತಿಯಾಜ್, ಲಾರಿ ಓಡಿಸುತ್ತಿದ್ದವನು. “ಇವರ ಮನೀ ಇಲ್ಲಿಲ್ರೀ, ಶಿರಸಿಯೊಳಗ ಐತ್ರಿ. ನಾವು ಲಾರಿಯವ್ರು ಗಾಡಿ ನಿಲ್ಲೋ ಜಾಗಾನೇ ನಮ್ಮೂರು ಅಂತೀವ್ರಿ” ಎಂದು ಅಶ್ಫಾಕ್ ನಕ್ಕ. ಇಷ್ಟು ವರ್ಷ ಜನರ ಮನೆ ಹುಡುಕಿದ ನನಗೆ ಈ ಸಣ್ಣ ವಿಷಯ ಹೊಳೆದಿರಲಿಲ್ಲ. ಅವನು ಶಿರಸಿಯ ಓಣಿಯ ಗುರುತು ಹೇಳಿದ. ಓದುಗರು ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಬೇಕು. ಶಿರಸಿಗೆ ಹೋಗುತ್ತೇವೆಂದು ನಮಗೇ ಗೊತ್ತಾದದ್ದು ಮಧ್ಯಾಹ್ನದ ಮೇಲೆ.

ಶಿರಸಿಯ ದಾರಿಯಲ್ಲಿ ಮಂಚಿಕೇರಿ ದಾಟುವವರೆಗೆ ಇಮ್ತಿಯಾಜ್ ಹೊರಗೆ ನೋಡುತ್ತಿದ್ದ. ಆಮೇಲೆ “ವಾಪಸ್ ಹೋಗೋಣ ಮೇಡಂ” ಎಂದು ಹಿಡಿದ ಹಠ ಬಿಡಲಿಲ್ಲ. ಓಣಿ ಮುಟ್ಟಿದಾಗ ಸೀಟಿನಲ್ಲಿ ಕೆಳಗೆ ಜಾರಿ ಕಣ್ಣು ಮುಚ್ಚಿಕೊಂಡ. ಅವನನ್ನು ಬಸಪ್ಪನ ಜೊತೆ ಬಿಟ್ಟು ನಾನೊಬ್ಬಳೇ ಇಳಿದೆ. ಮೊದಲು ಮನೆಯವರ ಮನಸ್ಸು ತಿಳಿಯಬೇಕು, ಆಮೇಲೆ ಅವನ ವಿಷಯ ಎತ್ತಬೇಕು. ನಮ್ಮ ಪದ್ಧತಿಯೇ ಹಾಗೆ.

ಬಾಗಿಲಿಗೆ ಬಂದವಳು ಇಮ್ತಿಯಾಜನ ಅತ್ತಿಗೆ ಶಬಾನಾ. ನಾನು ಇಂಥ ಆಸ್ಪತ್ರೆಯಲ್ಲಿ ಮಾನಸಿಕ ಕಾಯಿಲೆಯವರ ಜೊತೆ ಕೆಲಸ ಮಾಡುವವಳು ಎಂದಷ್ಟೇ ಹೇಳಿದೆ. ಮುಂದಿನದಕ್ಕೆ ಅವಳು ಬಿಡಲಿಲ್ಲ.

“ದೇವರೇ ಕಳಿಸಿದ ಹಾಗೆ ಬಂದ್ರಿ ಮೇಡಂ. ನಮ್ಮ ಅತ್ತೆನ ಸ್ವಲ್ಪ ನೋಡಿ. ಬೆಳಿಗ್ಗೆಯಿಂದ ಇಮ್ತಿಯಾಜ್ ಬರ್ತಾನೆ, ಇವತ್ತೇ ಬರ್ತಾನೆ ಅಂತ ಅಡಿಗೆ ಮಾಡಿ ಕೂತಿದಾರೆ. ಅವನು ಹೋಗಿ ಎಷ್ಟೋ ವರ್ಷ ಆಯ್ತು. ಮಗನ ಕಾಯಿಲೆ ಇವರಿಗೂ ಬಂತೋ ಏನೋ. ಸಂಜೆ ಡಾಕ್ಟರ ಹತ್ರ ಕರ್ಕೊಂಡು ಹೋಗೋಣ ಅಂತಿದ್ದೆ.”

ಒಂದು ಕ್ಷಣ ನಾನೂ ನಂಬಿಬಿಟ್ಟೆ. ಹಾಗೆಂದು ಬುದ್ಧಿ ಬಿಟ್ಟಿರಲಿಲ್ಲ. ದಿನಾ ಹೀಗೆ ಮಾಡುತ್ತಾರೆಯೇ ಎಂದು ಕೇಳಿದೆ. ನನ್ನ ಪಾಠದ ತಟ್ಟೆ ಅಲ್ಲೇ ಸಿಗಬೇಕಿತ್ತಲ್ಲ. “ಇಲ್ಲ ಮೇಡಂ. ಈ ಮನೆಯಲ್ಲಿ ಅವನ ಹೆಸರು ಎತ್ತೋ ಹಾಗೇ ಇರಲಿಲ್ಲ. ಅತ್ತೆಗೇ ಆಗ್ತಿರಲಿಲ್ಲ” ಎಂದಳು ಶಬಾನಾ. ಅವಳ ಹಿಂದೆ ನಡುಮನೆಯಲ್ಲಿ ಚಾಪೆಯ ಮೇಲೆ ಊಟಕ್ಕೆ ಹಾಸುವ ಬಟ್ಟೆ, ದಸ್ತರ್‌ಖಾನ್ ಹಾಸಿತ್ತು. ಅದರ ಮೇಲೆ ಮುಚ್ಚಿದ ಪಾತ್ರೆಗಳು. ಪಕ್ಕಕ್ಕೆ, ಒಂದು ಮಣೆಯ ಮುಂದೆ, ಬೇರೆಯಾಗಿ ಒಂದು ಬಾಳೆಲೆ.

ಇಮ್ತಿಯಾಜನ ತಾಯಿ ಜೈತೂನ್‌ಬಿ ಆಗ ಒಳಗಿನಿಂದ ಬಂದರು. ಕುಳ್ಳಗಿನ, ಚುರುಕು ನಡಿಗೆಯ ಮುದುಕಿ. ನನ್ನನ್ನು ನೋಡಿ ತಲೆಯಾಡಿಸಿ, ಪಕ್ಕದಿಂದ ಹಾದು, ಸೀದಾ ಜೀಪಿನ ಹತ್ತಿರ ಹೋದರು. ಜೀಪಿನಲ್ಲಿ ಯಾರಿದ್ದಾರೆಂದು ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ.

“ಇಳಿ. ಊಟ ತಣ್ಣಗಾಗ್ತದೆ.”

ಅವನು ಮುಖ ಎತ್ತಲಿಲ್ಲ. “ನಾನು ತಟ್ಟೆ ಎಸೆದಿದ್ದೆ ಅಮ್ಮಿ.”

“ಸ್ಟೀಲ್ ತಟ್ಟೆ. ಅದಕ್ಕೇನೂ ಆಗ್ಲಿಲ್ಲ.”

ಇಷ್ಟು ವರ್ಷ ಮಾತಾಡುವುದೇ ನನ್ನ ಕೆಲಸ. ಆದರೆ ಇಂಥ ಒಂದು ಮಾತು ನನ್ನ ಬಾಯಿಂದ ಎಂದೂ ಬಂದಿಲ್ಲ. ಅವನು ಇಳಿದ. ಶಬಾನಾ ಬಾಗಿಲ ಚೌಕಟ್ಟು ಹಿಡಿದುಕೊಂಡು ಹಾಗೇ ಕೆಳಗೆ ಕೂತಳು. ಅವಳಿಗೆ ನೀರು ಕೊಟ್ಟು ಸುಧಾರಿಸಬೇಕಾಯಿತು.

ಅವರ ಮನೆಗಳಲ್ಲಿ ಒಂದೇ ದೊಡ್ಡ ತಟ್ಟೆಯಲ್ಲಿ ಎಲ್ಲರೂ ಕೂಡಿ ಉಣ್ಣುವ ರೂಢಿಯುಂಟು. ಜೈತೂನ್‌ಬಿ ಅಂಥ ತಟ್ಟೆಗೆ ಅನ್ನ, ಬೇಳೆಗೆ ಮಾಂಸ ಹಾಕಿದ ದಾಲ್ಚಾ ಬಡಿಸಿ, ಮಗನನ್ನು ಎದುರು ಕೂರಿಸಿ, ತಾವು ಮೊದಲ ತುತ್ತು ತಿಂದರು. ಎರಡನೆಯದನ್ನೂ ತಿಂದರು. ಇಮ್ತಿಯಾಜನ ಕೈ ತಟ್ಟೆಯ ಅಂಚಿನಲ್ಲೇ ಇತ್ತು. ಅಷ್ಟರಲ್ಲಿ ಯಾರೋ ಹೇಳಿ ಅಣ್ಣ ರಫೀಕ್ ಗ್ಯಾರೇಜಿನಿಂದ ಓಡಿಬಂದ. ಮೊಣಕೈವರೆಗೂ ಗ್ರೀಸು. ಹೊಸ್ತಿಲು ದಾಟಲೋ ಬೇಡವೋ ಎಂದು ಅಲ್ಲೇ ನಿಂತ. ವಿಷ ಹಾಕುವವನು ಎನ್ನಿಸಿಕೊಂಡಿದ್ದವನು ಅವನೇ ಅಲ್ಲವೇ. ಇಮ್ತಿಯಾಜ್ ಅವನನ್ನು ನೋಡಿದ, ಸ್ವಲ್ಪ ಸರಿದು ಜಾಗ ಮಾಡಿದ, “ಕೈ ತೊಳ್ಕೊಂಡು ಬಾ ಭಾಯ್” ಎಂದು ಹೇಳಿ ಅನ್ನಕ್ಕೆ ಕೈ ಹಾಕಿದ. ನನಗೆ ಕಣ್ಣು ತುಂಬಿ ಬಂತು. ಸಂತೋಷಕ್ಕೆ ಅಳುವುದು ನಮ್ಮ ವೃತ್ತಿಗೆ ಒಪ್ಪುವಂಥದ್ದಲ್ಲ ಎಂದು ಪಾಠ ಮಾಡುವವಳು ನಾನೇ. ಆ ದಿನ ಸೆರಗಿನಲ್ಲಿ ಮೂಗು ಒರೆಸಿಕೊಂಡೆ.

ಆಮೇಲೆ ನನ್ನನ್ನು ಆ ಬಾಳೆಲೆಯ ಮುಂದೆ ಕೂರಿಸಿದರು. ಪಕ್ಕದ ಮನೆಯ ಸಾವಿತ್ರಕ್ಕ ಅನ್ನ, ಪಲ್ಯ, ಮಾವಿನಕಾಯಿ ಬೇಯಿಸಿ ಮಾಡುವ ನಮ್ಮ ಕಡೆಯ ಅಪ್ಪೆಹುಳಿ ತಂದು ಬಡಿಸಿದರು. ಮಾಂಸ ತಿನ್ನದವರು ಊಟಕ್ಕೆ ಬಂದರೆ ಸಾವಿತ್ರಕ್ಕನ ಮನೆಯಲ್ಲಿ ಅಡಿಗೆ ಮಾಡಿಸುವುದು ಜೈತೂನ್‌ಬಿಯ ಹಳೆಯ ಕ್ರಮವಂತೆ. ಆದರೆ ಇವತ್ತು ಮಾಡಿಸಿದ್ದು ಯಾರಿಗೆ? ಅಪ್ಪೆಹುಳಿಯ ಪರಿಮಳ ಮೂಗಿಗೆ ಬಡಿದದ್ದೇ ನನ್ನ ಬಾಯಲ್ಲಿ ದೊಡ್ಡಮ್ಮನ ಜೊತೆ ಆಡುವ ಮನೆಮಾತು ಬಂದುಬಿಟ್ಟಿತು. “ರಾಶಿ ಪರಿಮಳ ಇದ್ದು. ಯಾವಾಗ ಮಾಡಿದ್ದು ಅಕ್ಕ?”

ಸಾವಿತ್ರಕ್ಕ ಸೌಟು ಹಿಡಿದು ಹಾಗೇ ನಿಂತರು. “ನಿಂಗ ಎಂಗಳ ಪೈಕಿಯವೇಯ? ಬೆಳಿಗ್ಗೇನೆ ಜೈತೂನ್‌ಬಿ ಬಂದು, ನಿಮ್ಮ ಭಾಷೆ ಆಡೋರು ಒಬ್ರು ಊಟಕ್ಕೆ ಬರ್ತಾರೆ, ಮಾಡಿಡು ಹೇಳಿಕ್ಕೆ ಹೋತು. ಯಾರು ಕೇಳಿರೆ, ಎಂಗೂ ಗೊತ್ತಿಲ್ಲೆ ಹೇಳ್ತು.”

ಬೆಳಿಗ್ಗೆ ನಾನು ಯಲ್ಲಾಪುರದ ಓಣಿಗಳಲ್ಲಿ ತಪ್ಪು ಮನೆಗಳ ಬಾಗಿಲು ಬಡಿಯುತ್ತಿದ್ದೆ. ನಾನು ಯಾವ ಭಾಷೆಯವಳು ಎಂಬುದು ಇಮ್ತಿಯಾಜನಿಗಿರಲಿ, ಬಸಪ್ಪನಿಗೂ ಗೊತ್ತಿರಲಿಲ್ಲ. ಅಶ್ಫಾಕ್ ಫೋನ್ ಮಾಡಿರಬಹುದೆಂದು ಆಮೇಲೆ ಅವನನ್ನು ಕೇಳಿದೆ. ಅವನ ಹತ್ತಿರ ಇವರ ನಂಬರೇ ಇರಲಿಲ್ಲ, ಇದ್ದು ಮಾಡಿದ್ದರೂ ಮಧ್ಯಾಹ್ನದ ಮಾತಾಯಿತು. ಜೈತೂನ್‌ಬಿಯನ್ನೇ ಕೇಳಿದೆ. ಕನಸು ಬಿತ್ತೇ, ದನಿ ಕೇಳಿತೇ, ಯಾರಾದರೂ ಹೇಳಿದರೇ. ನನಗೆ ಅಭ್ಯಾಸವಾದ ಪ್ರಶ್ನೆಗಳೆಲ್ಲ ಮುಗಿದವು. ಆಕೆ ಎಲ್ಲದಕ್ಕೂ ಇಲ್ಲ ಎಂದು ತಲೆಯಾಡಿಸಿ, “ಎದ್ದೆ, ಗೊತ್ತಾಯ್ತು. ಅಷ್ಟೇ. ನೀವು ಊಟ ಮಾಡಿ” ಎಂದರು. ಶಬಾನಾ ಮೆಲ್ಲಗೆ ಪಕ್ಕಕ್ಕೆ ಬಂದು, “ಮೇಡಂ, ಇದು ಕಾಯಿಲೆಯಾ?” ಎಂದಳು. ಅಷ್ಟು ವರ್ಷ ಓದಿದ, ಓದಿಸಿದ ನಾನು ಎಲೆಯ ಮುಂದೆ ಕೂತು ಗೊತ್ತಿಲ್ಲ ಎಂದೆ.

ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಅಷ್ಟೆಲ್ಲ ಮುಂಚಿತವಾಗಿ ತಿಳಿದ ಜೈತೂನ್‌ಬಿಗೆ ಬಸಪ್ಪನ ಹೊಟ್ಟೆಯ ಅಳತೆ ಮಾತ್ರ ತಿಳಿದಿರಲಿಲ್ಲ. “ಇನ್ನೊಂದು ಸ್ವಲ್ಪ ಹಾಕ್ರೀ ಅಮ್ಮಾರ” ಎಂದು ಅವನು ಕೇಳುತ್ತಲೇ ಇದ್ದ. ಅನ್ನ ಸಾಲದೆ ಶಬಾನಾ ಮತ್ತೆ ಒಲೆ ಹಚ್ಚಿದಳು. ಮನೆಯೆಲ್ಲ ನಗು.

ಕೆಲಸದ ಊರಿಗೆ ವಾಪಸು ಬಂದ ಮೇಲೂ ನನ್ನ ತಲೆಯಿಂದ ಆ ಬಾಳೆಲೆ ಹೋಗಲಿಲ್ಲ. ಕಾಕತಾಳೀಯ ಎನ್ನೋಣವೆಂದರೆ ಅಷ್ಟೊಂದು ಕಾಗೆ ಒಟ್ಟಿಗೆ ಕೂರುವುದು, ಅಷ್ಟೊಂದು ಹಣ್ಣು ಒಟ್ಟಿಗೆ ಬೀಳುವುದು ಹೇಗೆ? ಪರೀಕ್ಷೆ ಮಾಡದೆ ಬಿಡುವ ಜಾಯಮಾನ ನನ್ನದಲ್ಲ. ಕೆಲವು ತಿಂಗಳ ನಂತರ ಇಮ್ತಿಯಾಜನನ್ನು ನೋಡಿಬರಲು ಬೇಕೆಂದೇ ಯಾರಿಗೂ ತಿಳಿಸದೆ ಶಿರಸಿಗೆ ಹೋದೆ. ಮನೆಗೆ ಬೀಗ. ಜೈತೂನ್‌ಬಿ, ಶಬಾನಾ ಇಬ್ಬರೂ ಮುಂಡಗೋಡಿನಲ್ಲಿ ಮದುವೆಗೆ ಹೋಗಿದ್ದರು. ಎಲೆಯೂ ಇಲ್ಲ, ಅಪ್ಪೆಹುಳಿಯೂ ಇಲ್ಲ. ಸಾವಿತ್ರಕ್ಕ ಕಿಟಕಿಯಿಂದ ಇಣುಕಿ, “ಎಂತ, ಹೇಳದೇ ಕೇಳದೇ ಬಂದದ್ದು?” ಎಂದರು. ನಾನು ಮೆಟ್ಟಿಲ ಮೇಲೆ ಕೂತು ಒಬ್ಬಳೇ ನಕ್ಕೆ.

ಗ್ಯಾರೇಜಿನಿಂದ ಇಮ್ತಿಯಾಜ್ ಬೀಗದಕೈ ತಂದ. ಮೈತುಂಬಿಕೊಂಡಿದ್ದ. ಅಣ್ಣನ ಜೊತೆಯಲ್ಲೇ ಕೆಲಸ, ಮಾತ್ರೆ ತಪ್ಪಿಸುತ್ತಿರಲಿಲ್ಲ. ಒಳಗೆ ಹೋಗಿ ತಾನೇ ಚಹಾ ಮಾಡಿ ತಂದ. ಲೋಟವನ್ನು ನನ್ನ ಕೈಗೆ ಕೊಡುವ ಮೊದಲು ಅದರಿಂದ ಬೇರೆ ಲೋಟಕ್ಕೆ ಸ್ವಲ್ಪ ಬಗ್ಗಿಸಿ, ಗಂಭೀರವಾಗಿ ಒಂದು ಗುಟುಕು ಕುಡಿದು, “ವಿಷ ಇಲ್ಲ ಮೇಡಂ, ಕುಡೀರಿ” ಎಂದ. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ತನ್ನ ಕಾಯಿಲೆಯನ್ನು ತಾನೇ ತಮಾಷೆ ಮಾಡುವಷ್ಟು ಗುಣವಾದವರನ್ನು ನಾನು ಹೆಚ್ಚು ಕಂಡಿಲ್ಲ.

ನಗು ನಿಂತ ಮೇಲೆ ಅವನನ್ನೂ ಕೇಳಿಯೇಬಿಟ್ಟೆ. ಆ ದಿನ ನೀನು ಬರುವುದು ನಿನ್ನಮ್ಮನಿಗೆ ಬೆಳಿಗ್ಗೆಯೇ ಹೇಗೆ ಗೊತ್ತಾಯಿತು?

“ನನ್ನ ಯಾಕೆ ಕೇಳ್ತೀರಿ ಮೇಡಂ? ಆ ಜೀಪಿನ ಬಾಗಿಲು ತೆಗೆಯೋವರೆಗೂ, ಮನೆಗೆ ಬರ್ತೀನಿ ಅಂತ ನನಗೇ ಗೊತ್ತಿರಲಿಲ್ಲ.”