ಬಲಗಡೆಯ ಕಿಕ್ಕರ್

ಹಳೇ ಬೈಕಿನ ರಿಜಿಸ್ಟ್ರೇಷನ್ ರಿನ್ಯೂ ಮಾಡಿಸೋಕೆ ಹೋದರೆ ಇನ್‌ಸ್ಪೆಕ್ಟರ್ ಗಾಡಿಗೆ ಒಂದು ಸುತ್ತು ಹೊಡೆದು, "ಕಿಕ್ಕರ್ ಎಲ್ರೀ? ಇಲ್ದಿದ್ರೆ ಪಾಸ್ ಮಾಡಲ್ಲ" ಅಂದ.

ಮೈಸೂರಿನಲ್ಲಿ ತಯಾರಾದ ಬೈಕು ಅದು. ಎಡಗಡೆಯ ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆತ್ತಿದರೆ ಕಿಕ್ಕರ್ ಆಗುತ್ತೆ. ಅವನ ಕಣ್ಣೆದುರೇ ಒದ್ದು ಸ್ಟಾರ್ಟ್ ಮಾಡಿ ತೋರಿಸಿದೆ.

"ಅದು ಗೇರು. ಕಿಕ್ಕರ್ ಬೇರೆ ಇರ್ಬೇಕು. ಇಲ್ಲಾಂದ್ರೆ ಕಂಪನಿಯಿಂದ ಲೆಟರ್ ತನ್ನಿ."

"ಕಂಪನಿ ಮುಚ್ಚಿಹೋಗಿದೆ ಸ್ವಾಮಿ."

"ಅದಕ್ಕೆ ನಾನೇನ್ರೀ ಮಾಡ್ಲಿ?"

ಮೈಯೆಲ್ಲ ಉರಿದುಹೋಯಿತು. ಸೀದಾ ಶಿವಾಜಿನಗರದ ಗುಜರಿಗೆ ಹೋದೆ. ಅಂಗಡಿಯ ಭಾಯ್ ಇಂಗ್ಲೆಂಡಿಂದು, ಜಪಾನಿಂದು, ಇಟಲಿಯದು ಅಂತ ಹಳೇ ಕಿಕ್ಕರ್‌ಗಳನ್ನು ಸುರಿದು, "ನಿಮ್ ಗಾಡಿಗೆ ಇದ್ಯಾವ್ದೂ ಕೂರಲ್ಲ ಸಾಬ್" ಅಂದರು.

"ಕೂರೋದು ಬೇಡ, ಕಂಡ್ರೆ ಸಾಕು."

ಜಪಾನಿಂದೊಂದನ್ನು ಬಲಗಡೆ ಸುಮ್ಮನೆ ಬೋಲ್ಟ್ ಹಾಕಿ ನಿಲ್ಲಿಸಿಕೊಟ್ಟರು.

ಮಾರನೆಯ ದಿನ ಇನ್‌ಸ್ಪೆಕ್ಟರ್ ಅದನ್ನು ನೋಡಿದ. ತುಳಿದು ನೋಡಲಿಲ್ಲ. "ನಿನ್ನೇನೇ ಹಾಕಿಸ್ಕೊಂಡು ಬರೋಕೇನಾಗಿತ್ತು?" ಅಂತ ಸೀಲು ಒತ್ತಿದ.

ನಾನು ಎಡಗಡೆಯ ಗೇರ್ ಲಿವರ್ ಎತ್ತಿ, ಅವನೆದುರೇ ಒದ್ದು ಸ್ಟಾರ್ಟ್ ಮಾಡಿದೆ. ಅವತ್ತಿನಷ್ಟು ಜೋರಾಗಿ ಆ ಬೈಕನ್ನು ನಾನೆಂದೂ ಒದ್ದಿಲ್ಲ. ಪಾಪ, ಅದರದೇನೂ ತಪ್ಪಿರಲಿಲ್ಲ.