ಅಮ್ಮನ ಪಿಟೀಲಿನ ಹೊಟ್ಟೆ ಅಳೆದದ್ದು

ನಮ್ಮೆಜಮಾನರಿಗೆ ಅಳೆಯುವುದೆಂದರೆ ಊಟಕ್ಕಿಂತ ಹೆಚ್ಚು. ತಿರುವನಂತಪುರದ ಒಂದು ಕೇಂದ್ರ ಸಂಸ್ಥೆಯಲ್ಲಿ ಅವರ ಕೆಲಸವೂ ಅದೇ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಅವರ ಕೈಯಿಂದ ಯಾವ ಬಿಡಿಭಾಗವೂ ದಾಟುತ್ತಿರಲಿಲ್ಲವಂತೆ. ಅಂಥವರಿಗೆ ಗಂಟುಬಿದ್ದವಳು ನಾನು, ಹುಳಿಗೆ ಉಪ್ಪನ್ನು ಕೈ ಬಂದಷ್ಟು ಹಾಕುವ ಮೈಸೂರಿನವಳು. ಅವರು ಧಾರವಾಡದವರು. ಪಟ್ಟಂನ ನಮ್ಮ ಫ್ಲಾಟಿನಲ್ಲಿ ಎರಡು ಕನ್ನಡಗಳು ದಿನವೂ ಜಗಳವಾಡುತ್ತಿದ್ದವು, ನಡುವೆ ಹಾಲಿನವನ ಮಲಯಾಳಂ ಬಂದು ಸಂಧಾನ ಮಾಡುತ್ತಿತ್ತು.

ಮೊಬೈಲೆಂದರೆ ಇನ್ನೂ ಗುಂಡಿ ಒತ್ತುವುದೇ ಆಗಿದ್ದ ವರ್ಷಗಳವು. ಆಗ ನನ್ನ ತಲೆ ತಿನ್ನುತ್ತಿದ್ದದ್ದು ಒಂದೇ ವಿಷಯ, ಅಮ್ಮನ ಪಿಟೀಲು. ಅಮ್ಮ ತೀರಿಕೊಂಡ ಮೇಲೆ ಅದು ನನ್ನ ಪಾಲಿಗೆ ಬಂತು. ಅವಳ ಕೈಯಲ್ಲಿದ್ದಾಗ ಅದರ ಮಂದ್ರದ ತಂತಿ ಮಾತಾಡುತ್ತಿತ್ತು. ನನ್ನ ಕೈಗೆ ಬಂದದ್ದೇ ಗಂಟಲು ಕಟ್ಟಿತು. ತಂತಿ ಬದಲಿಸಿದೆ, ಕಮಾನು ಬದಲಿಸಿದೆ, ಈ ಊರಿನ ಸಮುದ್ರದ ಗಾಳಿಯನ್ನು ಬೈದೆ. ದನಿ ಮಾತ್ರ ಬರಲಿಲ್ಲ. ಅಮ್ಮನನ್ನು ಎರಡನೇ ಸಲ ಕಳೆದುಕೊಂಡಂತೆ ಅನ್ನಿಸಿ ಎಷ್ಟೋ ದಿನ ಅದನ್ನು ಪೆಟ್ಟಿಗೆಯಿಂದ ಹೊರಗೇ ತೆಗೆಯುತ್ತಿರಲಿಲ್ಲ.

ಕೊಚ್ಚಿಯಲ್ಲಿ ಪಿಟೀಲು ರಿಪೇರಿ ಮಾಡುವ ಒಬ್ಬರಿದ್ದಾರೆಂದು ಯಾರೋ ಹೇಳಿದರು. ಎಜಮಾನರ ಜೊತೆ ಬೆಳಗಿನ ರೈಲು ಹತ್ತಿ ಎರ್ನಾಕುಲಂ, ಅಲ್ಲಿಂದ ಬೋಟಿನಲ್ಲಿ ಫೋರ್ಟ್ ಕೊಚ್ಚಿ. ಇಗರ್ಜಿಯ ಹಿಂದಿನ ಓಣಿಯಲ್ಲಿ ಅವರ ಅಂಗಡಿ. ಮಂಗಳೂರಿನ ಇಗರ್ಜಿಯೊಂದರಲ್ಲಿ ಕೆಲವು ವರ್ಷ ಪಿಟೀಲು ನುಡಿಸಿದ್ದರಿಂದ ಅವರಿಗೆ ಕನ್ನಡ ಬರುತ್ತಿತ್ತು. ದನಿ ಕಟ್ಟಿಹೋಗಿದೆಯೆಂದು ನಾನು ನನ್ನ ಗೋಳನ್ನೆಲ್ಲ ಹೇಳಿಕೊಂಡೆ. ಅವರು ಪಿಟೀಲಿನ ಹೊಟ್ಟೆಯನ್ನು, ಎಂದರೆ ಮುಂಭಾಗದ ಹಲಗೆಯನ್ನು, ಬೆರಳಿನ ಗಿಣ್ಣಿನಿಂದ ತಟ್ಟಿ ನೋಡಿದರು. ಅಕ್ಕ ಎನ್ನಲು ಅವರ ಬಾಯಿಗೆ ಬರುತ್ತಿದ್ದದ್ದು ಚೇಚಿ.

"ಮರ ದಪ್ಪ ಉಂಟು ಅಂತ ಕಾಣ್ತದೆ ಚೇಚಿ. ದಪ್ಪ ಇದ್ರೆ ಉಸಿರು ಕಟ್ಟಿದ ಹಾಗೆ ಆಗ್ತದೆ. ಹೊಟ್ಟೆ ಬಿಡಿಸಿ ಒಳಗಿಂದ ಸ್ವಲ್ಪ ಕೆತ್ತುವ."

ರೋಗಿಯೇ ರೋಗದ ಹೆಸರು ಹೇಳಿಕೊಂಡು ಬಂದರೆ ವೈದ್ಯರು ತಾನೇ ಏನು ಮಾಡಿಯಾರು? ನನಗೋ ಕುಣಿಯುವಷ್ಟು ಖುಷಿ. ಆದರೆ ಎಜಮಾನರು ಅಡ್ಡ ಬಂದರು. "ಎಷ್ಟು ದಪ್ಪ ಐತಿ?" ಅಂತ ಕೇಳಿದರು. ಮೂರು ಮಿಲಿಮೀಟರಿಗಿಂತ ಹೆಚ್ಚಿದ್ದರೆ ಕೆತ್ತಬಹುದು, ಕಡಿಮೆಯಿದ್ದರೆ ಮುಟ್ಟಬಾರದು, ಆದರೆ ಬಿಡಿಸದೆ ಅಳೆಯುವುದು ಹೇಗೆ ಎಂದು ಅಂಗಡಿಯವರು ಕೈ ಚೆಲ್ಲಿದರು. "ಅಳೀಲಾರದ ಕೆತ್ತೂದಽ? ಕೆತ್ತಿದ ಮರ ತಿರುಗಿ ಬೆಳೀತದೇನು?" ಎಂದು ಎಜಮಾನರು ಪಿಟೀಲನ್ನು ಎತ್ತಿಕೊಂಡೇಬಿಟ್ಟರು. ಬಂದ ದಾರಿಗೆ ಸುಂಕವಿಲ್ಲ ಎಂದು ವಾಪಸಾದೆವು. ರೈಲಿನಲ್ಲಿ ಕೊಲ್ಲಂವರೆಗೆ ನಾನು ಕಿಟಕಿಯ ಕಡೆಗೇ ತಿರುಗಿ ಕೂತಿದ್ದೆ.

ಆಮೇಲೆ ನಮ್ಮ ಬಾಲ್ಕನಿ ಕಾರ್ಖಾನೆಯಾಯಿತು. ಪಿಟೀಲು ಮಾಡುವವರು ಅಯಸ್ಕಾಂತದಿಂದ ಮರದ ದಪ್ಪ ಅಳೆಯುತ್ತಾರೆಂದು ಇವರು ಇಂಟರ್ನೆಟ್ಟಿನಲ್ಲಿ ಓದಿದ್ದರು. ಚಾಲ ಬಜಾರಿನಿಂದ ಪುಟ್ಟದೊಂದು ಅಯಸ್ಕಾಂತ ಬಂತು. ಪೆನ್ನಿನ ಕೊಳವೆಯೊಳಗೆ ಒಂದು ಸ್ಪ್ರಿಂಗು, ಅದರ ತುದಿಗೆ ಅಯಸ್ಕಾಂತ, ಮರಕ್ಕೆ ಗೀರು ಬೀಳದ ಹಾಗೆ ಅದರ ಮೂತಿಗೆ ಕೆಂಪು ಮಖಮಲ್ಲಿನ ತುಂಡು. ಪಿಟೀಲಿನ ಒಳಕ್ಕೆ ಸೈಕಲ್ ಬೇರಿಂಗಿನ ಒಂದು ಗುಂಡು, ಹೊರಗೆ ಎಳೆದುಕೊಳ್ಳಲು ಅದಕ್ಕೊಂದು ದಾರ. ಹೊರಗಿನಿಂದ ಕೊಳವೆಯನ್ನು ಮರಕ್ಕೆ ತಾಗಿಸಿದರೆ ಒಳಗಿನ ಗುಂಡು ಓಡಿಬಂದು ಕಚ್ಚಿಕೊಳ್ಳುತ್ತದೆ. ಕೊಳವೆಯನ್ನು ಮೆಲ್ಲಗೆ ನೆಟ್ಟಗೆ ಎಳೆಯುತ್ತ ಹೋಗಬೇಕು. ಹಿಡಿತ ಬಿಟ್ಟ ಗಳಿಗೆಯಲ್ಲಿ ಸ್ಪ್ರಿಂಗು ಎಷ್ಟು ಹಿಗ್ಗಿತ್ತೋ ಅದೇ ಲೆಕ್ಕ. ಮರ ತೆಳುವಿದ್ದರೆ ಹಟ ಹಿಡಿಯುತ್ತದೆ, ದಪ್ಪವಿದ್ದರೆ ಬೇಗ ಬಿಡುತ್ತದೆ. ಗೊತ್ತಿದ್ದ ದಪ್ಪದ ಮರದ ಚೂರುಗಳ ಮೇಲೆ ಅಳೆದು ಅಳೆದು ಕೊಳವೆಯ ಮೇಲೆ ಗೆರೆ ಹಾಕಿದರು.

ಇನ್ನು ಕಟ್ಟುಪಾಡುಗಳೋ, ಮಡಿಹುಡಿಯ ಅಜ್ಜಿಯರೂ ನಾಚಬೇಕು. ಕೈಗಡಿಯಾರ ಬಿಚ್ಚಿಡಬೇಕು, ಬಳೆ ತೆಗೆಯಬೇಕು, ಎಟಿಎಂ ಕಾರ್ಡು ಆಚೆ ಕೋಣೆಗೆ. ಎದೆಯಲ್ಲಿ ಪೇಸ್‌ಮೇಕರ್ ಇಟ್ಟುಕೊಂಡಿದ್ದ ಮೇಲಿನ ಮನೆಯ ಅಜ್ಜ, ಎಲ್ಲರ ಅಪ್ಪೂಪ್ಪನ್, ಹರಟೆಗೆ ಬಂದರೆ ಅಯಸ್ಕಾಂತ ಡಬ್ಬಿ ಸೇರಬೇಕು. ತಂತಿ ಉಕ್ಕಿನದಾದ್ದರಿಂದ ಕೊಳವೆ ಅತ್ತ ಹಾರದಂತೆ ನಡುವೆ ರಟ್ಟು ಹಿಡಿಯಬೇಕು. ಮರದ ಮೇಲೆ ಕೊಳವೆಯನ್ನು ಎಳೆದಾಡಕೂಡದು, ಎತ್ತಿ ಎತ್ತಿ ಇಡಬೇಕು. ಪಿಟೀಲನ್ನು ಹೊಟ್ಟೆ ಕೆಳಗಾಗಿ ಹಿಡಿದು ಅಡಿಯಿಂದ ಅಳೆಯಬೇಕು, ಇಲ್ಲದಿದ್ದರೆ ಹಿಡಿತ ಬಿಟ್ಟ ಗುಂಡು ಟಣ್ಣೆಂದು ಬೆನ್ನಿನ ಹಲಗೆಗೆ ಬಡಿಯುತ್ತದೆ. ಹಿಡಿದುಕೊಂಡು ನಿಲ್ಲುವ ಕೆಲಸ ಯಾರದೆಂದು ಬೇರೆ ಹೇಳಬೇಕಾಗಿಲ್ಲ.

ಪಿಟೀಲನ್ನು ಅಳೆಯುವ ಮೊದಲೇ ನವರಾತ್ರಿ ಬಂತು. ಕೇರಳದಲ್ಲಿ ಅಷ್ಟಮಿಗೆ ಪುಸ್ತಕ, ವಾದ್ಯ ಎಲ್ಲವನ್ನೂ ಪೂಜೆಗಿಟ್ಟರೆ ವಿಜಯದಶಮಿಯ ಬೆಳಗಿನವರೆಗೆ ಮುಟ್ಟುವಂತಿಲ್ಲ. ನಾವೂ ಪಿಟೀಲನ್ನು ಇಟ್ಟೆವು. ನನ್ನ ಹತ್ತಿರ ಪಿಟೀಲು ಕಲಿಯುತ್ತಿದ್ದ ಮಕ್ಕಳಿಗೆ ಪಾಠವಿಲ್ಲವೆಂದು ಸಂಭ್ರಮವೋ ಸಂಭ್ರಮ. ಎಜಮಾನರು ಊರಿನ ಪದ್ಧತಿಯಂತೆ ಆಯುಧಪೂಜೆಗೆ ಸ್ಕೂಟರು, ಸ್ಪ್ಯಾನರು, ನನ್ನ ಈಳಿಗೆಮಣೆಗಳ ಜೊತೆ ತಮ್ಮ ಹೊಸ ಕೂಸಾದ ಕೊಳವೆಯನ್ನೂ ಮಣೆಯ ಮೇಲೆ ಮಲಗಿಸಿದರು.

ದಶಮಿಯ ಬೆಳಿಗ್ಗೆ, ಒಳ್ಳೆಯ ದಿನವೆಂದು, ಮಣೆಯಿಂದ ಎತ್ತಿದ್ದೇ ಅಳತೆಗೆ ಕೂತೆವು. ಎಡಬದಿ, ಬಲಬದಿ, ಎಲ್ಲಿ ಇಟ್ಟರೂ ಮೂರೂಕಾಲು ಮಿಲಿಮೀಟರು, ಇಲ್ಲವೇ ಅದಕ್ಕಿಂತ ಹೆಚ್ಚು. "ನೋಡಿದಿರಾ, ಅವರು ಹೇಳಿದ್ದೇ ಸರಿ!" ಎಂದು ನಾನು ಹಾರಾಡಿದೆ. ಎಜಮಾನರೂ ಒಪ್ಪಿಕೊಂಡರು. ಮರುವಾರವೇ ಮತ್ತೆ ಕೊಚ್ಚಿಗೆ ಹೊರಟೆವು. ಬೋಟಿನಲ್ಲಿ ಪಿಟೀಲನ್ನು ಮಡಿಲಲ್ಲಿಟ್ಟುಕೊಂಡು, ಇನ್ನೇನು ಅಮ್ಮನ ದನಿ ವಾಪಸು ಬರುತ್ತದೆಂದು ನಾನು ಹಿಗ್ಗಿಹೋಗಿದ್ದೆ.

ಅಂಗಡಿಯವರು ಹೊಟ್ಟೆ ಬಿಡಿಸುವ ತೆಳು ಚಾಕುವನ್ನು ಸಿದ್ಧ ಮಾಡಿಟ್ಟಿದ್ದರು. ಕೊಳವೆಯನ್ನು ನೋಡಿ ಅವರಿಗೆ ಬಲು ಕುತೂಹಲ. ಎಜಮಾನರು ಮದುಮಗನ ಕಡೆಯವರ ಠೀವಿಯಲ್ಲಿ ವಿವರಿಸತೊಡಗಿದರು. "ಮೊದಲ ಗೊತ್ತಿದ್ದದ್ದನ್ನ ಅಳದು ನೋಡಬೇಕ್ರಿ. ಆಮ್ಯಾಲೆ ಗೊತ್ತಿಲ್ಲದ್ದು." ಅಂಗಡಿಯಲ್ಲೇ ಬಿದ್ದಿದ್ದ ಮರದ ಒಂದು ಪಟ್ಟಿಗೆ ಕೊಳವೆ ಇಟ್ಟರು. ಮೂರೂ ಮುಕ್ಕಾಲು ತೋರಿಸಿತು.

"ಅದು ಮೂರೇ ಉಂಟು," ಎಂದರು ಅಂಗಡಿಯವರು.

"ನಿಮ್ಮ ಪಟ್ಟೀನಽ ತಪ್ಪೈತಿ."

"ಪಟ್ಟಿ ಹೇಗೆ ತಪ್ಪುತ್ತದೆ ಸಾರೇ?" ಎಂದು ಅವರು ತಮ್ಮ ಕ್ಯಾಲಿಪರ್ ತಂದು ಹಿಡಿದರು. ಮೂರೇ. ಎಜಮಾನರು ಕ್ಯಾಲಿಪರಿನ ಮೇಲೂ ಅನುಮಾನಪಟ್ಟರು. ಇಬ್ಬರ ದನಿಯೂ ಏರಿತು. ನಾನು ಜಗಳ ಬಿಡಿಸಲೆಂದು ಕೊಳವೆಯನ್ನು ಕಿತ್ತುಕೊಂಡೆ. ಘಮ್ಮೆಂದಿತು. ಮೂತಿಯನ್ನು ಮೂಗಿನ ಹತ್ತಿರ ಹಿಡಿದು ನೋಡಿದೆ. ಕೆಂಪು ಮಖಮಲ್ಲಿನ ಮೇಲೆ ಗಂಧ ಗಟ್ಟಿಯಾಗಿ ಒಣಗಿ ಕೂತಿತ್ತು, ಅದರ ಮೇಲೆ ಕುಂಕುಮ. ಕೆಂಪಿನಲ್ಲಿ ಕೆಂಪು ಸೇರಿ ಕಣ್ಣಿಗೆ ಬಿದ್ದಿರಲಿಲ್ಲ.

"ರೀ, ಇಲ್ಲಿಗೆ ಗಂಧ ಹಚ್ಚಿದವರು ಯಾರು?"

"ನಾನಽ. ಯಾಕ? ಕೆಲಸ ಮಾಡೋ ಜಾಗಕ್ಕಽ ಹಚ್ಚಬೇಕು. ಕುಡಗೋಲಿಗೆ ಪೂಜೆ ಮಾಡಿದರ ಹಿಡಿಕಿಗೆ ಹಚ್ತಾರೇನು?" ಎಂದವರು, ಹೇಳಿ ಮುಗಿಸುವಷ್ಟರಲ್ಲಿ ತಾವೇ ಕೊಳವೆಯನ್ನು ಇಸಿದುಕೊಂಡು ಮೂತಿಯನ್ನು ಉಗುರಿನಿಂದ ಕೆರೆದು ನೋಡಿದರು. ಗಂಧದ ದಪ್ಪವೂ ಮರದ ಲೆಕ್ಕಕ್ಕೆ ಸೇರಿಹೋಗಿತ್ತು. ದೇವರ ಪ್ರಸಾದ ಮುಕ್ಕಾಲು ಮಿಲಿಮೀಟರು! ಅಂಗಡಿಯವರು ನಕ್ಕ ನಗುವಿಗೆ ಓಣಿಯ ಬೆಕ್ಕು ಎದ್ದು ಓಡಿತು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಎಜಮಾನರು ಮಾತ್ರ ಮೂತಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಆರಿಸಿ, ಮರದ ಪಟ್ಟಿಯ ಮೇಲೆ ಮೂರು ಬಂದದ್ದನ್ನು ನೋಡಿಕೊಂಡು, ಪಿಟೀಲಿಗೆ ಕೈ ಹಾಕಿದರು.

ಎರಡೂವರೆ. ಎಡಗಡೆ ಒಂದೆರಡು ಕಡೆ ಅದಕ್ಕಿಂತ ಕೂದಲೆಳೆ ಹೆಚ್ಚು, ಅಷ್ಟೇ.

ಅಂಗಡಿಯವರ ನಗು ನಿಂತಿತು. ಚಾಕುವನ್ನು ತೆಗೆದು ಡ್ರಾಯರಿಗೆ ಹಾಕಿದರು. "ಬೇಡ ಚೇಚಿ. ಇದನ್ನು ಕೆತ್ತಿದ್ರೆ ಕುದುರೆಯ ಕೆಳಗೆ ಹೊಟ್ಟೆ ಕುಸಿದು ಹೋಗ್ತಿತ್ತು. ನನ್ನ ಅಂದಾಜು ತಪ್ಪು." ತಂತಿಯನ್ನು ಹೊರುವ ಪುಟ್ಟ ಮರದ ಕುದುರೆಯನ್ನು ಅವರು ಬೆರಳಿನಿಂದ ಮುಟ್ಟಿ ತೋರಿಸಿದರು. ಅಮ್ಮನ ಪಿಟೀಲನ್ನು ನಾನೇ ಮುರಿಸುವುದರಲ್ಲಿದ್ದೆ. ಆ ಹೆದರಿಕೆಯ ಬೆನ್ನಿಗೇ ದುಃಖವೂ ಒತ್ತರಿಸಿ ಬಂತು. ಮರ ಸರಿಯಿದೆಯೆಂದರೆ ಇನ್ನು ಮಾಡುವಂಥದ್ದೇನೂ ಉಳಿದಿಲ್ಲ, ಆ ದನಿ ಹೋಯಿತು ಎಂದೇ ಅರ್ಥ.

ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತುಬಿಟ್ಟೆ. ಅಂಗಡಿಯವರು ಗುಂಡನ್ನು ಹೊರಗೆಳೆದು, ತಂತಿ ಬಿಗಿದು, ಶ್ರುತಿ ಕೂಡಿಸಿದರು. "ಇಷ್ಟು ದೂರ ಬಂದಿದ್ದೀರಿ, ನಾನೊಂದು ಸಲ ನುಡಿಸಿ ನೋಡ್ತೇನೆ," ಎಂದು ನಿಂತುಕೊಂಡೇ ಗಲ್ಲದಡಿ ಇಟ್ಟು ಮಂದ್ರದಲ್ಲಿ ಯಾವುದೋ ಪ್ರಾರ್ಥನೆಯ ಧಾಟಿ ಎತ್ತಿಕೊಂಡರು.

ಅಮ್ಮನ ಪಿಟೀಲು! ಅದೇ ದನಿ, ಆ ತಂತಿ ಮಾತಾಡುತ್ತಿತ್ತು. ಮರದ ಒಂದು ಎಳೆಯನ್ನೂ ಯಾರೂ ತೆಗೆದಿರಲಿಲ್ಲ. ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಅವರು ಗಾಬರಿಯಿಂದ ಕಮಾನು ನಿಲ್ಲಿಸಿದರು.

"ಎಂತಾಯ್ತು ಚೇಚಿ? ಅಪಸ್ವರ ಬಂತಾ?"

"ಇಲ್ಲ. ಇನ್ನೊಂದು ಸಲ ನುಡಿಸಿ."

ಎಜಮಾನರು ನನ್ನ ಪಕ್ಕ ಬಂದು ಕೂತರು. "ಅಲ್ಲೇನು ಬದಲಾಗಿಲ್ಲಲ್ಲ, ಮತ್ತ?" ಎಂದು ಮೆಲ್ಲಗೆ ಕೇಳಿದರು. ಬದಲಾಗಿದ್ದದ್ದು ನಾನು ಕೂತ ಜಾಗ. ಚಿಕ್ಕಂದಿನಲ್ಲಿ ಅಮ್ಮನ ಪಿಟೀಲನ್ನು ಕೇಳಿದ್ದೆಲ್ಲ ಎದುರಿಗೆ ಕೂತು, ಇಲ್ಲವೇ ಅಡುಗೆಮನೆಯಿಂದ. ಅವಳು ಹೋದ ಮೇಲೆ ಕೇಳಿದ್ದೆಲ್ಲ ನನ್ನ ಎದೆಗೇ ಆನಿಸಿಕೊಂಡು, ಕಿವಿಯ ಬುಡದಲ್ಲಿ, ಕಮಾನಿನ ಕೆರೆತದ ಸಮೇತ. ಇನ್ನೊಬ್ಬರ ಕೈಗೆ ಕೊಟ್ಟು ದೂರ ಕೂತು ನಾನು ಒಮ್ಮೆಯೂ ಕೇಳಿರಲಿಲ್ಲ.

ಅಂಗಡಿಯವರು ಅದೇ ಧಾಟಿಯನ್ನು ಮತ್ತೆ ನುಡಿಸಿದರು. ನುಡಿಸುವವಳು ನಾನೇ ಆಗಿರುವಷ್ಟು ಕಾಲ ಈ ದನಿ ನನಗೆ ಸಿಗುವುದಿಲ್ಲ, ಎದುರಿಗೆ ಕೂತ ಮಕ್ಕಳಿಗೆ ಸಿಗುತ್ತದೆ ಎಂದು ಆಗ ಹೊಳೆಯಿತು. ಹಾಗಾದರೆ ಅಮ್ಮ? ಮನೆಯಲ್ಲಿ ಅದನ್ನು ನುಡಿಸುತ್ತಿದ್ದವಳು ಅವಳೊಬ್ಬಳೇ. ನಾನು ಇಷ್ಟು ವರ್ಷ ಹಂಬಲಿಸಿದ ಆ ದನಿಯನ್ನು, ಪಾಪ, ಅಮ್ಮ ಒಂದು ಸಲವೂ ಕೇಳಿರಲಿಲ್ಲ.