ಖಾಲಿ ಕಾಟಾದ ಚೀಟಿ

ನಮ್ಮ ಟೀಮ್ ಲೀಡರರ ಎಡಗೈ ಕಿರುಬೆರಳಿನ ಉಗುರು ಅರ್ಧ ಇಂಚು ಬೆಳೆದಿತ್ತು. ನನ್ನ ಪ್ರೋಗ್ರಾಮಿನ ತಪ್ಪು ಸಾಲನ್ನು ಅದರಿಂದಲೇ ಮಾನಿಟರಿನ ಗಾಜಿನ ಮೇಲೆ ಟಕ್ ಟಕ್ ಕುಟ್ಟುವರು. ಡಿಸ್ಗಸ್ಟಿಂಗ್! ಇಂದಿಗೂ ಯಾರಾದರೂ ಗಾಜು ಕುಟ್ಟಿದರೆ ಎದ್ದು ಬೇರೆ ಕಡೆ ಹೋಗುತ್ತೇನೆ.

ಆಗ ಐವತ್ತರ ಹತ್ತಿರದಲ್ಲಿದ್ದ ನಾನು ಡೊಂಬಿವಲಿಯಿಂದ ಹೊರಟು, ಠಾಣೆಯಲ್ಲಿ ಗಾಡಿ ಬದಲಿಸಿ, ನವಿ ಮುಂಬೈಯ ಸಾಫ್ಟ್‌ವೇರ್ ಆಫೀಸಿಗೆ ಪ್ರೊಬೇಶನ್ ಮೇಲೆ ಹೋಗುತ್ತಿದ್ದೆ. ಲೀಡರ್ ವಿಜಾಪುರದ ಕಡೆಯವರು, ನನಗಿಂತ ಚಿಕ್ಕವರು. ನನ್ನ ಕಾನ್ವೆಂಟ್ ಇಂಗ್ಲಿಷ್ ಅವರಿಗೆ ಆಗದು. ತಮ್ಮೂರಲ್ಲಿ ಟೀಚರಮ್ಮನನ್ನು ಕರೆಯುವಂತೆ “ಬಾಯಾರ” ಎಂದು ಚುಚ್ಚುವರು.

ಲಾರಿ ತೂಗುವ ಕಾಟಾಕ್ಕೆ ಪ್ರೋಗ್ರಾಮ್ ಬರೆಯುತ್ತಿದ್ದೆವು. ಅದರಲ್ಲಿ ಒಂದು ಥ್ರೆಡ್, ಎಂದರೆ ತನ್ನಷ್ಟಕ್ಕೆ ಓಡುವ ಕೆಲಸದ ಎಳೆ, ತೂಕ ಓದಬೇಕು; ನನ್ನದು ಲಾರಿ ಬರುವವರೆಗೆ ಕಾದಿದ್ದು ತೂಕದ ಚೀಟಿ ಮುದ್ರಿಸಬೇಕು. ನನ್ನ ಥ್ರೆಡ್ಡೋ “ಲಾರಿ ಬಂತಾ, ಬಂತಾ” ಎಂದು ಬಿಡುವಿಲ್ಲದೆ ಕೇಳುತ್ತ ಪ್ರೊಸೆಸರನ್ನೆಲ್ಲ ತಿಂದುಹಾಕಿತು. ನಡುನಡುವೆ ಒಂದಿಷ್ಟು ಮಲಗಿಸಿ ನೋಡಿದೆ. ಆಗಲೂ ಎದ್ದೆದ್ದು ಕೇಳುತ್ತಲೇ ಇತ್ತು.

“ಇದು ನಿದ್ದಿ ಅಲ್ರೀ ಬಾಯಾರ. ಲೋಕಲ್‌ನ್ಯಾಗ ಕಣ್ಣ ತೆರೆದು ತೆರೆದು ‘ಠಾಣೆ ಬಂತೇನು, ಠಾಣೆ ಬಂತೇನು’ ಅಂತೀರೇನು? ಬಾಜೂದಾಕಿಗೆ ‘ಬಂದ್ರ ಎಬ್ಬಸು’ ಅಂತ ಹೇಳಿ ಮಕ್ಕೋರಿ!”

ಎಲ್ಲರೂ ನಕ್ಕರು. ಹಾಗೆಯೇ ತಿದ್ದಿದೆ. ತೂಕ ಓದುವ ಥ್ರೆಡ್ ಎಬ್ಬಿಸುವವರೆಗೆ ನನ್ನದು ಹಾಯಾಗಿ ಮಲಗಿತು. ಕಂಪ್ಯೂಟರಿನ ಫ್ಯಾನಿನ ಸದ್ದೂ ಇಳಿಯಿತು. ಅವರು ಓದಿದರು. ಉಗುರು ಒಂದು ಸಾಲಿನ ಮೇಲೆ ನಿಂತಿತು, ಕುಟ್ಟದೆ ಹಿಂದೆ ಸರಿಯಿತು. ಪಾಸಾದೆ ಎಂದುಕೊಂಡೆ.

ಡೆಮೋ ದಿನ, ಗಿರಾಕಿಯ ಎದುರಿಗೇ, ಕಾಟಾದ ಮೇಲೆ ಲಾರಿಯಿಲ್ಲದೆ ಚೀಟಿ ಹೊರಬಂತು. ಮಲಗಿದ ಥ್ರೆಡ್ ಒಮ್ಮೊಮ್ಮೆ ಕಾರಣವಿಲ್ಲದೆಯೂ ಏಳುತ್ತದೆ. ಎದ್ದ ಮೇಲೆ ಲಾರಿ ಬಂದಿದೆಯೇ ಎಂದು ಮತ್ತೊಮ್ಮೆ ನೋಡುವ ಸಾಲನ್ನು ನಾನು ಬರೆದಿರಲಿಲ್ಲ.

“ನಿಮಗೆ ಮೊದಲೇ ಗೊತ್ತಿತ್ತಲ್ವಾ ಸರ್?”

“ಗೊತ್ತಿತ್ರೀ. ಹೇಳಿದ್ರ ನಾಳೆ ಮರೀತಿದ್ರಿ. ಯಾರೋ ಎಬ್ಬಿಸಿದ್ರಂತ ಇಳೀಬಾರ್ದು ಬಾಯಾರ. ಸ್ಟೇಶನ್ ಬೋರ್ಡ್ ನೋಡಿ ಇಳೀಬೇಕು.”

ಆ ತಿಂಗಳೇ ನನ್ನ ಕೆಲಸ ಹೋಯಿತು. ತಪ್ಪು ತಮಗೆ ಮೊದಲೇ ಗೊತ್ತಿತ್ತೆಂದು ಅವರು ಮೇಲಿನವರಿಗೆ ತಿಳಿಸಲಿಲ್ಲ.

ಠಾಣೆಯ ಇನ್ನೊಂದು ಆಫೀಸಿನಲ್ಲಿ ಆ ಪಾಠವೇ ರಿಟೈರ್ ಆಗುವವರೆಗೆ ನನಗೆ ಅನ್ನ ಹಾಕಿತು. ಅದಕ್ಕಾಗಿ ಅವರನ್ನು ಕ್ಷಮಿಸಬೇಕೇ? ಐ ಡೋಂಟ್ ಥಿಂಕ್ ಸೋ.

ರಿಟೈರ್ ಆದ ಮೇಲೆ ಒಂದು ಮಧ್ಯಾಹ್ನ ಮಲಗಿದ್ದವಳನ್ನು ಫೋನ್ ಎಬ್ಬಿಸಿತು. ನವಿ ಮುಂಬೈ ಆಫೀಸಿನಲ್ಲಿ ಜೊತೆಗಿದ್ದ ಹುಡುಗಿ. “ಆಂಟಿ, ನಮ್ಮ ಲೀಡರ್ ಸರ್ ಹೋಗ್ಬಿಟ್ರಂತೆ. ಖಾರಘರದಲ್ಲಿರೋ ಅವರ ಮನೆಗೆ ಬರ್ತೀರಾ?”

ಚಪ್ಪಲಿ ಹುಡುಕಲು ಎದ್ದವಳು ಹಾಗೇ ಕುಳಿತೆ.

“ಅಂತೆ ಅಂದ್ರೆ? ಇನ್ನೊಮ್ಮೆ ಸರಿಯಾಗಿ ಕೇಳಿ ನೋಡು ಮಾರಾಯ್ತಿ,” ಎಂದೆ.

ಅವಳು ಕೇಳಿ ತಿರುಗಿ ಫೋನ್ ಮಾಡಿದಳು. ನಿಜವೇ ಆಗಿತ್ತು. ಚಪ್ಪಲಿ ಮೆಟ್ಟಿಕೊಳ್ಳಲಿಲ್ಲ; ಆದರೆ ಮತ್ತೆ ನಿದ್ದೆಯೂ ಬರಲಿಲ್ಲ.